ಲಾಳಿ ಚಿಕ್ಕಮ್ಮನ ಕುರ್ಚಿ

ನನ್ನ ಚಿಕ್ಕಮ್ಮ ನೆಟ್ಟಗೆ ಒಂದು ಕಡೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಊಟ ಮಾಡುವಾಗಲೂ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಓಡಾಡುವವಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತಿರುತ್ತಾಳೆ. ಯಾರಾದರೂ ಕೂತುಕೊಳ್ಳಿ ಎಂದರೆ ಇನ್ನೇನು ಇಳಿಯೋದೇ ಎನ್ನುತ್ತಾಳೆ, ಇಳಿಯುವುದು ಮಾತ್ರ ಕೊನೆಯ ಸ್ಟಾಪಿನಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ಕೆಲವರ ಬಗ್ಗೆ ಹೇಳುತ್ತೇವಲ್ಲ, ಅಂಥವರೂ ಆಗೊಮ್ಮೆ ಈಗೊಮ್ಮೆ ಚಕ್ರ ಬಿಚ್ಚಿಟ್ಟು ಒರಗುತ್ತಾರೆ. ಇವಳಿಗೆ ಅದೂ ಇಲ್ಲ. ಅವಳ ಜೊತೆ ಸ್ವಲ್ಪ ಹೊತ್ತು ಇದ್ದರೆ ನನ್ನ ಕಾಲು ನೋಯುತ್ತದೆ.

ಬಟ್ಟೆ ಮಿಲ್ಲಿನಲ್ಲಿದ್ದಾಗ ಅವಳಿಗೆ ಲಾಳಿ ಎಂದು ಹೆಸರು ಬಿದ್ದಿತ್ತು. ಮಗ್ಗದಲ್ಲಿ ನೂಲು ಹೊತ್ತು ಈ ಅಂಚಿನಿಂದ ಆ ಅಂಚಿಗೆ ಓಡುವ ಮರದ ತುಂಡು ಲಾಳಿ. ಅದಕ್ಕೂ ಇವಳಿಗೂ ಇದ್ದ ವ್ಯತ್ಯಾಸ ಇಷ್ಟೇ, ಕರೆಂಟು ಹೋದರೆ ಅದು ನಿಲ್ಲುತ್ತಿತ್ತು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಹೆಸರು ಹಾಗೇ ಅಂಟಿಕೊಂಡಿದೆ. ಈಗ ಅದೇ ಮಿಲ್ಲು ಮ್ಯೂಸಿಯಂ ಆಗಿದೆ. ನೇಯ್ಗೆ ಶೆಡ್ಡಿನಲ್ಲಿ ಒಂದೇ ಒಂದು ಮಗ್ಗ ಉಳಿಸಿಕೊಂಡು, ಸುತ್ತ ಹಗ್ಗ ಕಟ್ಟಿ, ಅದರ ಕಾವಲಿಗೆ ಚಿಕ್ಕಮ್ಮನನ್ನು ಹಾಕಿದ್ದಾರೆ. ಕಂಬದ ಪಕ್ಕದಲ್ಲಿ ಅವಳಿಗೆಂದು ಒಂದು ಕುರ್ಚಿಯನ್ನೂ ಕೊಟ್ಟಿದ್ದಾರೆ. ಅದರ ಮೇಲೆ ನೋಡಲು ಬಂದವರ ಚೀಲ, ಛತ್ರಿ, ಮಕ್ಕಳ ಟೋಪಿ ಎಲ್ಲ ಕೂತಿವೆ, ಚಿಕ್ಕಮ್ಮ ಕೂತಿರಲಿಲ್ಲ.

ನಾನು ಅದೇ ಮ್ಯೂಸಿಯಮ್ಮಿನ ಮುಂಬಾಗಿಲಲ್ಲಿ ಟಿಕೆಟ್ ಕೊಡುವವಳು. ಬೆಳಗ್ಗೆಯಿಂದ ಸಂಜೆಯವರೆಗೆ ಕೂತೇ ಇರುವ ಕೆಲಸ. ಹಾಗಾಗಿ ನಮ್ಮ ಮನೆತನದ ಓಡಾಟವೆಲ್ಲ ಅವಳ ಪಾಲಿಗೆ ಬಂದಿದೆ, ಕೂರುವುದೆಲ್ಲ ನನ್ನ ಪಾಲಿಗೆ.

ಚಿಕ್ಕಮ್ಮನ ಅಕ್ಕ, ಅಂದರೆ ನನ್ನಮ್ಮ, ಅದೇ ಶೆಡ್ಡಿನಲ್ಲಿ ಅವಳ ಎದುರಿನ ಮಗ್ಗದಲ್ಲಿದ್ದಳು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗ ಅದು, ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುತ್ತಿರಲಿಲ್ಲವಂತೆ. ಆದ್ದರಿಂದ ಅಲ್ಲಿನವರು ದನಿಯನ್ನೇ ಬಿಟ್ಟು, ತುಟಿಯಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮೂಕಮಾತು ಅಂತ ಕರೆಯುತ್ತಿದ್ದರು ಅದನ್ನು. ಬಾಯನ್ನು ಅಗಲವಾಗಿ ತೆರೆದು, ಅಕ್ಷರ ಅಕ್ಷರ ಬಿಡಿಸಿ, ಸದ್ದಿಲ್ಲದೆ ಆಡುವುದು. ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ ಚಾಡಿ, ಜಗಳ, ಪ್ರೀತಿ ಪ್ರೇಮ ಎಲ್ಲ ಹೀಗೇ ಹರಿದಾಡುತ್ತಿದ್ದವು. ಮೇಸ್ತ್ರಿಯನ್ನು ಅವನ ಕಣ್ಣೆದುರೇ ಬೈಯುತ್ತಿದ್ದರಂತೆ, ಅವನೂ ಹಲ್ಲು ಕಿರಿಯುತ್ತ ಮುಂದೆ ಹೋಗುತ್ತಿದ್ದನಂತೆ. ಮಗ್ಗಗಳ ಆ ಸದ್ದು ಕೊನೆಗೆ ಅಮ್ಮನ ಕಿವಿಯನ್ನು ತಿಂದು ಹಾಕಿತು. ನಮ್ಮ ಮನೆಯಲ್ಲಿ ಈಗಲೂ ಮೂಕಮಾತೇ ನಡೆಯುತ್ತದೆ. ನಾನು ಮಾತು ಕಲಿಯುವ ಮೊದಲು ತುಟಿ ಓದುವುದನ್ನು ಕಲಿತೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಇಷ್ಟು ಹತ್ತಿರವಿದ್ದ ಅಕ್ಕತಂಗಿಯರು ಮಾತು ಬಿಟ್ಟದ್ದು ಮಿಲ್ಲು ಮುಚ್ಚುವ ಹೊತ್ತಿನಲ್ಲಿ. ಮುಚ್ಚಬಾರದೆಂದು ಎಲ್ಲರೂ ಗೇಟಿನ ಮುಂದೆ ಮುಷ್ಕರ ಕೂತರು. ಒಬ್ಬರೂ ಏಳಬಾರದು, ಒಬ್ಬರೂ ಒಳಗೆ ಕಾಲಿಡಬಾರದು, ಇಷ್ಟೇ ಕಟ್ಟುಪಾಡು. ಅಮ್ಮ ಮುಂದಿನ ಸಾಲಿನಲ್ಲಿದ್ದಳು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಬಾಲ ಸುಟ್ಟ ಬೆಕ್ಕಿನ ಹಾಗೆ ಒದ್ದಾಡುತ್ತಿದ್ದಳಂತೆ. ಹೇಗೋ ಹಲ್ಲು ಕಚ್ಚಿಕೊಂಡು ಕೆಲವು ದಿನ ತಳ್ಳಿದಳು. ಒಂದು ಬೆಳಗ್ಗೆ ಎದ್ದಳು. ಮಗ್ಗಗಳಿಗೆ ಎಣ್ಣೆ ಬಿಟ್ಟಿಲ್ಲ, ತುಕ್ಕು ಹಿಡಿಯುತ್ತೆ, ಎಣ್ಣೆ ಹಾಕಿ ಬಂದುಬಿಡ್ತೀನಿ ಎನ್ನುತ್ತ ಸೀದಾ ಗೇಟಿನೊಳಗೆ ನಡೆದಳು. ಮಾಲೀಕನ ಕಡೆಯವರು ಇಂಥದ್ದಕ್ಕೇ ಬಾಯಿ ಬಿಟ್ಟುಕೊಂಡು ಕಾದಿದ್ದರು. ಕೆಲಸಕ್ಕೆ ವಾಪಸು ಬಂದಿದ್ದಾರೆ ನೋಡಿ ಎಂದು ಡಂಗುರ ಸಾರಿದರು. ಮಾರನೇ ದಿನ ಇನ್ನಿಬ್ಬರು ಒಳಗೆ ಹೋದರು, ಆಮೇಲೆ ಇನ್ನಷ್ಟು ಜನ. ಮುಷ್ಕರ ಮುರಿಯಿತು, ಮಿಲ್ಲೂ ಮುಚ್ಚಿತು.

ಅಂದಿನಿಂದ ಅಮ್ಮ ಆ ಗೇಟು ದಾಟಿರಲಿಲ್ಲ. ತಂಗಿಯ ಮುಖವನ್ನೂ ನೋಡಿರಲಿಲ್ಲ. ನನಗೆ ಅಲ್ಲಿ ಕೆಲಸ ಸಿಕ್ಕಾಗ ಹೊಟ್ಟೆಪಾಡು, ಹೋಗು ಎಂದಳೇ ಹೊರತು ಇನ್ನೇನೂ ಅನ್ನಲಿಲ್ಲ. ಚಿಕ್ಕಮ್ಮನ ಮಾತು ಬಂದರೆ 'ಒಳಗೆ ಹೋದೋಳು' ಎನ್ನುತ್ತಿದ್ದಳು. ಚಿಕ್ಕಮ್ಮ ಇರುವುದು ಎರಡೇ ಬೀದಿ ಆಚೆ. ಎಷ್ಟೋ ಸಲ ನಮ್ಮ ಮನೆ ಮುಂದೆ ಬಂದು, ಕಿಟಕಿಯ ಕೆಳಗೆ ಹಿಂದಕ್ಕೂ ಮುಂದಕ್ಕೂ ನಡೆದು, ಹಾಗೇ ಹೋಗಿದ್ದಾಳೆ. ಬಾಗಿಲಿನೊಳಗೂ ಬಂದಿದ್ದಾಳೆ. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಕಿವಿ ಕೇಳುವವರು ಮುಖ ತಿರುಗಿಸಿದರೆ ಬೆನ್ನಿಗಾದರೂ ಹೇಳಬಹುದು. ತುಟಿ ನೋಡಿ ಮಾತು ತಿಳಿಯುವವಳು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು, ಕ್ಷಮಿಸು ಅಂತ ಯಾರಿಗೆ ಹೇಳುವುದು. ಚಿಕ್ಕಮ್ಮನಿಗೆ ಬೇಕಾಗಿದ್ದು ಅದೊಂದೇ, ಅಕ್ಕ ಒಂದು ಸಲ ಇತ್ತ ತಿರುಗಬೇಕು. ಈಚೆಗೆ ಅಮ್ಮನ ಕಣ್ಣೂ ಮಬ್ಬಾಗತೊಡಗಿತ್ತು. ಚಿಕ್ಕಮ್ಮ ದಿನಾ ಬೆಳಗ್ಗೆ ಟಿಕೆಟ್ ಕಿಂಡಿಗೆ ಬಂದು, ಕಣ್ಣು ಹೇಗಿದೆಯಂತೆ ಎಂದು ಕೇಳಿ, ಉತ್ತರ ಪೂರ್ತಿ ಆಗುವ ಮೊದಲೇ ಹೊರಟುಬಿಡುತ್ತಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಮ್ಯೂಸಿಯಮ್ಮಿಗೆ ಆ್ಯಪ್ ಬಂತು. ಜನ ಬರುವುದೇ ಕಡಿಮೆಯಾಗಿತ್ತು, ಬಂದವರೂ ನಿಂತ ಮಗ್ಗವನ್ನು ನೋಡಿ ಆಕಳಿಸಿ ಹೋಗುತ್ತಿದ್ದರು. ನಿರ್ದೇಶಕಿ ಮೇಡಂ ಎಲ್ಲೆಲ್ಲೋ ಓಡಾಡಿ ಈ ಆಗ್ಮೆಂಟೆಡ್ ರಿಯಾಲಿಟಿ ತಂದರು. ಕೇಳೋಕೆ ದೊಡ್ಡ ಹೆಸರು, ವಿಷಯ ಸುಲಭ. ಮಗ್ಗದ ಕಡೆ ಫೋನು ಹಿಡಿದರೆ, ಪರದೆಯಲ್ಲಿ ಅದೇ ಮಗ್ಗ ಓಡತೊಡಗುತ್ತದೆ. ಅದರ ಪಕ್ಕದಲ್ಲಿ ನೇಯುವ ಹೆಂಗಸೊಬ್ಬಳು ನಿಂತಿರುತ್ತಾಳೆ. ನೀವು ಬದಿಗೆ ಸರಿದರೆ ಅವಳ ಬದಿ ಕಾಣುತ್ತದೆ, ಹಿಂದೆ ಹೋದರೆ ಬೆನ್ನು ಕಾಣುತ್ತದೆ. ಫೋನು ಇಳಿಸಿದರೆ ಹಗ್ಗದೊಳಗೆ ಬರೀ ಮಗ್ಗ.

ಆ ಹೆಂಗಸಿಗೆ ಮೈಕೈ ಕೊಡಲು ಆ್ಯಪ್‌ನವರು ಚಿಕ್ಕಮ್ಮನನ್ನೇ ಆರಿಸಿದರು. ಮೈಗಂಟಿದ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿಗೆಲ್ಲ ಗುಂಡಿ ಅಂಟಿಸಿ, ಮುಖಕ್ಕೆ ಸಣ್ಣ ಕ್ಯಾಮೆರಾ ಕಟ್ಟಿ, ಖಾಲಿ ಕೋಣೆಯಲ್ಲಿ ನಿಲ್ಲಿಸಿದರು. ಮಗ್ಗ ಇದೆ ಅಂತ ತಿಳ್ಕೊಂಡು ಕೆಲಸ ಮಾಡಿ ಎಂದರು. ಚಿಕ್ಕಮ್ಮನಿಗೆ ಕೈ ಏಳಲಿಲ್ಲ. ಸದ್ದಿಲ್ಲದೆ ಆಗಲ್ಲ ಎಂದಳು. ಯಾವುದೋ ಮಿಲ್ಲಿನ ಸದ್ದನ್ನು ಹುಡುಕಿ ದೊಡ್ಡದಾಗಿ ಹಾಕಿದರು. ಬಾಗಿಲಲ್ಲಿ ನಿಂತಿದ್ದ ನಾನು ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ. ಚಿಕ್ಕಮ್ಮ ಅಲ್ಲೇ ಕಾಣದ ಮಗ್ಗದ ಮುಂದೆ ಬಾಗಿ, ಕಾಣದ ನೂಲಿಗೆ ಗಂಟು ಹಾಕಿ, ಅತ್ತ ಹೋಗಿ, ಇತ್ತ ಬಂದು, ಸಂಜೆಯವರೆಗೆ ಅದರಲ್ಲೇ ಮುಳುಗಿದ್ದಳಂತೆ. ಸಾಕು ಎಂದರೂ ನಿಲ್ಲಿಸಲಿಲ್ಲ ಎಂದು ಆ್ಯಪ್‌ನವರು ನಗುತ್ತ ಹೇಳಿದರು. ಆಮೇಲೆ ಪರದೆಯಲ್ಲಿ ಅವಳ ಮುಖದ ಸುಕ್ಕು ತೆಗೆದು, ಕೂದಲು ಕಪ್ಪು ಮಾಡಿ, ಉಳಿದಿದ್ದ ಆ ಒಂದು ಮಗ್ಗದ ಪಕ್ಕದಲ್ಲಿ ನಿಲ್ಲಿಸಿದರು.

ಜನ ಮುಗಿಬಿದ್ದರು. ಟಿಕೆಟ್ ಹರಿದು ಹರಿದು ನನ್ನ ಬೆರಳು ನೋಯತೊಡಗಿತು. ಫೋನು ಇಲ್ಲದವರಿಗೆ, ಇದ್ದೂ ಆ್ಯಪ್ ಇಳಿಸಿಕೊಳ್ಳಲು ಬಾರದವರಿಗೆ ಟ್ಯಾಬ್ ಕೊಟ್ಟು ಕಳಿಸುವುದೂ ನನ್ನ ತಲೆಗೇ ಬಂತು. ಚಿಕ್ಕಮ್ಮ ಮಾತ್ರ ತನ್ನ ಬೊಂಬೆಯನ್ನು ಒಂದು ಸಲವೂ ನೋಡಲಿಲ್ಲ. ಜನ ಹಗ್ಗದಾಚೆ ಫೋನು ಎತ್ತಿ ನಿಂತಾಗ ಅವರ ಬೆನ್ನ ಹಿಂದೆ ಬಿರಬಿರನೆ ನಡೆಯುತ್ತಿದ್ದಳು.

ಆದರೆ ಒಂದು ದೂರು ಬರುತ್ತಲೇ ಇತ್ತು. ಆ ಹೆಂಗಸು ನಡುನಡುವೆ ಕಂಬದ ಕಡೆ ತಿರುಗಿ ಬಾಯಾಡಿಸುತ್ತಾಳೆ, ದನಿ ಬರುವುದಿಲ್ಲ, ನಮ್ಮ ಫೋನೇ ಕೆಟ್ಟಿದೆಯಾ ಎಂದು ಜನ ಕಿಂಡಿಗೆ ಬಂದು ಕೇಳುತ್ತಿದ್ದರು. ನಾನು ಹಗ್ಗದ ಹತ್ತಿರ ಹೋಗಿ ನೋಡಿದೆ. ಅಲ್ಲಿಂದ ಕೆನ್ನೆಯ ಅಂಚು ಮಾತ್ರ ಕಾಣುತ್ತದೆ. ಏನೋ ಹಾಡಿಕೊಳ್ಳುತ್ತಿದ್ದಿರಬೇಕು ಎಂದುಕೊಂಡೆ. ಮೇಡಂ ಆ್ಯಪ್‌ನವರಿಗೆ ಹೇಳಿದರು. ಮುಂದಿನ ಅಪ್‌ಡೇಟಿನಲ್ಲಿ ಬಾಯಿ ಮುಚ್ಚಿಸಿಬಿಡುತ್ತೇವೆ, ಸೋಮವಾರದೊಳಗೆ ಆಗುತ್ತದೆ ಎಂದು ಅವರು ಒಪ್ಪಿಕೊಂಡರು.

ಆ ವಾರವೇ ಒಂದು ಮಧ್ಯಾಹ್ನ ಜನವಿಲ್ಲದ ಹೊತ್ತಿನಲ್ಲಿ, ಕೆಟ್ಟಿದೆ ಎಂದು ಯಾರೋ ವಾಪಸು ಕೊಟ್ಟ ಟ್ಯಾಬನ್ನು ಪರೀಕ್ಷೆ ಮಾಡಲು ನಾನು ಶೆಡ್ಡಿಗೆ ಹೋದೆ. ನಿಂತು ನಿಂತು ಮಾಡುವ ಜಾಯಮಾನ ನನ್ನದಲ್ಲ. ಚಿಕ್ಕಮ್ಮನ ಕುರ್ಚಿ ಖಾಲಿ ಇತ್ತು, ಕೂತೆ, ಟ್ಯಾಬ್ ಎತ್ತಿದೆ. ಮಗ್ಗ ಓಡಿತು. ಹೆಂಗಸು ನೂಲಿಗೆ ಗಂಟು ಹಾಕಿದಳು, ಬಾಗಿ ನೋಡಿದಳು, ನೆಟ್ಟಗಾದಳು, ತಿರುಗಿದಳು. ಸೀದಾ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ತುಟಿ ಅಗಲವಾಗಿ ತೆರೆಯಿತು, ಅಕ್ಷರ ಅಕ್ಷರ ಬಿಡಿಸಿ.

'ಕೂತ್ಕೋ ಅಕ್ಕ. ನಾನು ನೋಡ್ಕೋತೀನಿ.'

ಇನ್ನೊಂದು ಸುತ್ತು ನೋಡಿದೆ, ಮತ್ತೊಂದು ಸುತ್ತು ನೋಡಿದೆ. ಅದೇ ಮಾತು. ಅದರ ಹಿಂದಿನ ಕಥೆ ನನಗೆ ಅಪ್ಪ ಹೇಳಿದ್ದು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನ ಕಾಲು ಊದಿಕೊಂಡು ನಿಲ್ಲಲು ಆಗುತ್ತಿರಲಿಲ್ಲ. ರಜೆ ಹಾಕಿದರೆ ಕೆಲಸ ಹೋಗುತ್ತಿತ್ತು. ಆಗ ಅಮ್ಮ ಮೇಸ್ತ್ರಿಯ ಕಣ್ಣಿಗೆ ಬೀಳದ ಹಾಗೆ ಈ ಕಂಬದ ಮರೆಯಲ್ಲಿ ನೂಲಿನ ಪೆಟ್ಟಿಗೆಯ ಮೇಲೆ ಕೂರುತ್ತಿದ್ದಳು. ಚಿಕ್ಕಮ್ಮ ತನ್ನ ಮಗ್ಗ, ಅಕ್ಕನ ಮಗ್ಗ ಎರಡರ ನಡುವೆ ಓಡಿ ಓಡಿ ಎರಡನ್ನೂ ನಡೆಸುತ್ತಿದ್ದಳು. ಲಾಳಿ ಎಂಬ ಹೆಸರು ಬಿದ್ದದ್ದೂ ಆಗಲೇ. ನಾನು ಹುಟ್ಟಿದೆ, ಅವಳ ಓಟ ನಿಲ್ಲಲಿಲ್ಲ.

ಖಾಲಿ ಕೋಣೆಯಲ್ಲಿ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಚಿಕ್ಕಮ್ಮನ ಮೈ ಆ ದಿನಗಳಿಗೇ ಹೋಗಿಬಿಟ್ಟಿದೆ. ತಾನು ಮಾತಾಡಿದ್ದು ಅವಳಿಗೇ ಗೊತ್ತಿರಲಿಲ್ಲ. ನಾನು ಹೇಳಿದಾಗ ಮೊದಲು ನಂಬಲಿಲ್ಲ. ಟ್ಯಾಬ್ ತೋರಿಸಿದೆ. ನೋಡಿದಳು, ಟ್ಯಾಬನ್ನು ನನ್ನ ಕೈಗೆ ತುರುಕಿ ಶೆಡ್ಡಿನ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ನಾನು ಹಿಂದೆ ಹಿಂದೆ ಓಡುತ್ತ ಅಮ್ಮನಿಗೆ ಇದನ್ನು ತೋರಿಸಬೇಕು ಎಂದೆ.

"ಬೇಡ. ಅಳಿಸೋಕೆ ಹೇಳು," ಎಂದಳು. "ಎದ್ದು ಹೋಗಿದ್ದು ನಿಜ ತಾನೇ? ಈಗ ಇದನ್ನ ನೋಡಿದ್ರೆ ನಾಟಕ ಆಡ್ತಾಳೆ ಅಂತಾಳೆ ಅಕ್ಕ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಬಂದರೆ ಆ ಬಾಯಿ ಮುಚ್ಚುತ್ತದೆ. ಅಮ್ಮ ಮುಖ ತಿರುಗಿಸದೆ ನೋಡಬಹುದಾದ ತಂಗಿಯ ಮುಖ ಲೋಕದಲ್ಲಿ ಇದೊಂದೇ. ಸ್ವಲ್ಪ ತಡೆಯಿರಿ ಎಂದು ಮೇಡಂ ಬಳಿ ಕೇಳಿಕೊಂಡೆ. ಯಾಕೆ ಎಂದರು. ಮನೆಯ ವಿಷಯ ಹೇಗೆ ಹೇಳುವುದು, ಏನೋ ತೊದಲಿದೆ. ಪಾಪ, ಅವರದೂ ತಪ್ಪಿರಲಿಲ್ಲ, ಬಂದವರಿಗೆ ಗೊಂದಲ ಆಗಬಾರದಲ್ಲ ಎಂದರು.

ಅಮ್ಮನನ್ನು ಮ್ಯೂಸಿಯಮ್ಮಿಗೆ ಕರೆದೆ. ಬರಲ್ಲ ಎಂದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ಹೊರಡಿಸಿ ಆ ದಾರಿಯಲ್ಲಿ ಕರೆದೊಯ್ದೆ. ಗೇಟಿನ ಬಣ್ಣ ಕಂಡದ್ದೇ ಎದುರು ಫುಟ್‌ಪಾತಿಗೆ ದಾಟಿದಳು. ಕೊನೆಗೆ, ಟ್ಯಾಬಿನಲ್ಲಿ ಕಾಣುವುದನ್ನೇ ನನ್ನ ಫೋನಿಗೆ ತುಂಬಿಕೊಂಡು ನನಗೆ ರಜೆ ಇದ್ದ ಭಾನುವಾರ ಬೆಳಗ್ಗೆ ಮನೆಯಲ್ಲಿ ಅವಳ ಮುಂದೆ ಹಿಡಿದೆ. ಯಾರು ಅಂತ ಹೇಳಲಿಲ್ಲ, ಮ್ಯೂಸಿಯಮ್ಮಿನ ಹೊಸ ಆಟ ನೋಡು ಎಂದೆ. ಅಮ್ಮ ಕನ್ನಡಕ ಏರಿಸಿ, ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು. ಮುಖ ಅಕ್ಕಿ ಕಾಳಿನಷ್ಟು, ಅದರಲ್ಲಿ ತುಟಿ ಎಲ್ಲಿ ಓದುವುದು. ಆದರೆ ನಡಿಗೆ ಸಾಕಾಯಿತು.

"ಇದು ಅವಳಲ್ವಾ?"

ಹೌದು ಎಂದೆ. ಫೋನನ್ನು ಬಿಸಾಡುತ್ತಾಳೆ ಎಂದುಕೊಂಡೆ. ಬಿಸಾಡಲಿಲ್ಲ. ಇನ್ನೂ ಹತ್ತಿರ ಹಿಡಿದಳು. ಅವಳ ಕಣ್ಣು ಹೆಂಗಸನ್ನು ಬಿಟ್ಟು ಪಕ್ಕದ ಕಂಬಕ್ಕೆ ಹೋಯಿತು, ಕಂಬದಿಂದ ಮಗ್ಗಕ್ಕೆ ಬಂತು. ಮುಖ ಕೆಂಪಗಾಯಿತು.

"ಇದು ನನ್ನ ಮಗ್ಗ," ಎಂದಳು. "ನನ್ನ ಮಗ್ಗದ ಹತ್ರ ಅವಳಿಗೇನು ಕೆಲಸ?"

ನೂರಾರು ಮಗ್ಗ ಗುಜರಿಗೆ ಹೋಗಿ, ಉಳಿದ ಒಂದು ಅಮ್ಮನದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಅಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ಮಿಲ್ಲು ಹೋಯ್ತು, ಕೆಲಸ ಹೋಯ್ತು, ಕಿವಿ ಹೋಯ್ತು, ಈಗ ಮಗ್ಗಾನೂ ಅವಳ ಹೆಸರಿಗೆ ಮಾಡಿದ್ದಾರೆ ಎಂದು ದಾರಿಯುದ್ದಕ್ಕೂ ದೊಡ್ಡ ದನಿಯಲ್ಲಿ ಬೈಯುತ್ತ ನಡೆದಳು. ಕಿವುಡರ ಸಿಟ್ಟಿಗೆ ಗುಟ್ಟಿಲ್ಲ, ಬೀದಿಯವರೆಲ್ಲ ಕಿಟಕಿಗೆ ಬಂದರು. ನಾನು ತಲೆ ತಗ್ಗಿಸಿ ಹಿಂದೆ ಓಡಿದೆ. ಗೇಟು ಬಂತು. ಯಾವ ಗೇಟಿಗಾಗಿ ಅರ್ಧ ಆಯುಸ್ಸು ಹಟ ಹಿಡಿದಿದ್ದಳೋ ಅದನ್ನು ದಾಟಿದ್ದು ಅವಳಿಗೇ ತಿಳಿಯಲಿಲ್ಲ, ಅಷ್ಟು ಕೋಪ.

ಶೆಡ್ಡಿನ ಬಾಗಿಲಲ್ಲಿ ಮಾತ್ರ ಕಾಲು ನಿಧಾನವಾಯಿತು. ಅಷ್ಟು ದೊಡ್ಡ ಜಾಗದಲ್ಲಿ ಒಂದೇ ಮಗ್ಗ. ಅಮ್ಮ ಖಾಲಿ ನೆಲವನ್ನು ನೋಡಿದಳು. ಸ್ವಲ್ಪ ಜನ ಹಗ್ಗದ ಹತ್ತಿರ ಫೋನು ಹಿಡಿದು ನಿಂತಿದ್ದರು. ಆ ತುದಿಯಲ್ಲಿ ಚಿಕ್ಕಮ್ಮ ಅಕ್ಕನನ್ನು ಕಂಡು, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತ, ಗೋಡೆಯಿಂದ ಗೋಡೆಗೆ ನಡೆಯತೊಡಗಿದಳು. ಅಮ್ಮ ಅವಳತ್ತ ತಿರುಗಲೇ ಇಲ್ಲ. ಎಲ್ಲಿ, ತೋರಿಸು ಎಂದು, ನಾನು ಟಿಕೆಟ್ ಕಿಂಡಿಯಿಂದ ಎತ್ತಿಕೊಂಡು ಬಂದಿದ್ದ ಟ್ಯಾಬ್ ಕಿತ್ತುಕೊಂಡಳು.

ಎಲ್ಲಿ ನಿಲ್ಲಬೇಕೆಂದು ನಾನು ಹೇಳಬೇಕಾಗಲಿಲ್ಲ. ಅವಳ ಕಾಲು ತಾನಾಗಿ ಕಂಬದ ಹತ್ತಿರ ಹೋಯಿತು. ಅಲ್ಲಿ ಪೆಟ್ಟಿಗೆಯ ಬದಲು ಕುರ್ಚಿ ಇತ್ತು. ಕೂತಳು. ಟ್ಯಾಬ್ ಎತ್ತಿದಳು.

ನಾನು ಅವಳ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದೆ. ಮಗ್ಗ ಓಡಿತು. ಸುಕ್ಕಿಲ್ಲದ, ಕಪ್ಪು ಕೂದಲಿನ ಚಿಕ್ಕಮ್ಮ, ಜಗಳಕ್ಕೆ ಮೊದಲಿನ ಚಿಕ್ಕಮ್ಮ, ನೂಲಿಗೆ ಗಂಟು ಹಾಕಿ ತಿರುಗಿದಳು. ತುಟಿ ಆಡಿತು. ಅಮ್ಮ ಅಲುಗಲಿಲ್ಲ. ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಬಂತು. ಮತ್ತೆ ತಿರುಗಿದಳು, ಮತ್ತೆ ಅದೇ ಮಾತು. ಅಮ್ಮನ ತುಟಿ ಅದರ ಜೊತೆಗೇ ಆಡುತ್ತಿತ್ತು. ಅವಳ ಕೈ ತಾನಾಗಿ ಅಂದು ಊದಿದ್ದ ಕಾಲನ್ನು ನೀವಲು ಕೆಳಗೆ ಹೋಯಿತು. ಈಗ ಊತವೂ ಇಲ್ಲ, ಹೊಟ್ಟೆಯಲ್ಲಿದ್ದ ನಾನು ಪಕ್ಕದಲ್ಲಿ ನಿಂತಿದ್ದೇನೆ. ನನಗೆ ಅಳು ತಡೆಯಲಾಗಲಿಲ್ಲ.

ಎಷ್ಟು ಸುತ್ತು ನೋಡಿದಳೋ. ಆಮೇಲೆ ಟ್ಯಾಬನ್ನು ನನಗೆ ಕೊಟ್ಟು, ಆ ತುದಿಯ ಕಡೆ ಮುಖ ತಿರುಗಿಸಿದಳು. ಚಿಕ್ಕಮ್ಮ ನಡೆಯುತ್ತಿದ್ದವಳು ನಿಂತಳು. ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ, ಜನರ ತಲೆಗಳ ಮೇಲಿಂದ, ಅಮ್ಮನ ತುಟಿ ಸದ್ದಿಲ್ಲದೆ ಅಗಲವಾಗಿ ಆಡಿತು.

'ಬಾ ಇಲ್ಲಿ.'

ಚಿಕ್ಕಮ್ಮ ಬಂದಳು. ಓಡಿ ಬರಲಿಲ್ಲ, ಮೊದಲ ಸಲ ಮೆಲ್ಲಗೆ ನಡೆದು ಬಂದಳು. ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಕೈಯೆತ್ತಿ ತಡೆದಳು.

"ನಿನ್ನ ಮೇಲೆ ಕೋಪ ಹೋಗಿಲ್ಲ," ಎಂದಳು. ಇದನ್ನು ದನಿಯಲ್ಲೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಕುರ್ಚಿ ಬಿಟ್ಟು ಎದ್ದು, ತಂಗಿಯ ತೋಳು ಹಿಡಿದು ಅದರ ಕಡೆ ತಿರುಗಿಸಿದಳು. ಉಳಿದದ್ದು ತುಟಿಯಲ್ಲಿ ಬಂತು.

'ಕೂತ್ಕೋ. ನಾನು ನೋಡ್ಕೋತೀನಿ.'

ಚಿಕ್ಕಮ್ಮ ಆ ಕುರ್ಚಿಯನ್ನು ಪರಿಚಯವಿಲ್ಲದವರ ಮನೆಯ ಕುರ್ಚಿಯಂತೆ ನೋಡಿದಳು. ಅಂಚಿನಲ್ಲಿ ಕೂತಳು. ಆಮೇಲೆ ಹಿಂದಕ್ಕೆ ಸರಿದು ಒರಗಿದಳು, ಮುಖಕ್ಕೆ ಒರೆಸುವ ಬಟ್ಟೆಯನ್ನೇ ಒತ್ತಿಕೊಂಡಳು. ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು. ಅಷ್ಟರಲ್ಲಿ ಯಾರೋ ಹಗ್ಗದಾಚೆ ಕೈ ಚಾಚಿ ಮಗ್ಗ ಮುಟ್ಟಲು ಹೋದರು. ರೂಢಿಯಂತೆ ಚಿಕ್ಕಮ್ಮ ಅರ್ಧ ಎದ್ದಳು. ಅಮ್ಮ ಅತ್ತ ನೋಡುತ್ತಲೇ, ಕೈ ಹಿಂದೆ ಚಾಚಿ ಅವಳ ಹೆಗಲು ಒತ್ತಿದಳು.

"ಮುಟ್ಟಬೇಡ್ರಿ," ಎಂದು ಅಮ್ಮ ಶೆಡ್ಡು ನಡುಗುವ ಹಾಗೆ ಹೇಳಿದಳು. "ಅದು ನಮ್ಮ ಮಗ್ಗ."

ಚಿಕ್ಕಮ್ಮ ಮತ್ತೆ ಕೂತಳು.